ಕುದುರೆಯೊಂದಿಗೆ ದೇಶ ಬದಲಿಸುವುದು

1956ರ ಒಲಿಂಪಿಕ್ ಕ್ರೀಡಾಕೂಟ ನಡೆದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಆದರೆ ಅದೇ ಕೂಟದ ಕುದುರೆ ಸವಾರಿ ಸ್ಪರ್ಧೆಗಳು ಹಲವು ತಿಂಗಳು ಮೊದಲೇ, ಜೂನ್‌ನಲ್ಲಿ, ಭೂಗೋಳದ ಇನ್ನೊಂದು ಬದಿಯ ಸ್ಟಾಕ್‌ಹೋಮ್‌ನಲ್ಲಿ ಮುಗಿದುಹೋಗಿದ್ದವು. ಸವಾರರು ಮೆಲ್ಬರ್ನ್‌ಗೆ ಹೋಗಬಹುದಿತ್ತು, ಅವರ ಕುದುರೆಗಳು ಹೋಗುವಂತಿರಲಿಲ್ಲ. ಹೊರದೇಶದ ಕುದುರೆಗಳ ಮೇಲಿದ್ದ ಕ್ವಾರಂಟೈನ್ ನಿಯಮಗಳನ್ನು ಆಸ್ಟ್ರೇಲಿಯಾ ಒಲಿಂಪಿಕ್ಸ್‌ಗಾಗಿಯೂ ಸಡಿಲಿಸಲಿಲ್ಲ. ಕೆಲಸಕ್ಕಾಗಿಯೋ ಮದುವೆಯಾಗಿಯೋ ಬೇರೆ ದೇಶದಲ್ಲಿ ನೆಲೆಸಲು ಹೊರಟು, ಇಷ್ಟು ವರ್ಷ ಜೊತೆಗಿದ್ದ ಕುದುರೆಯನ್ನೂ ಕರೆದುಕೊಂಡು ಹೋಗಬೇಕೆಂದು ಬಯಸುವವರು ಮೊದಲು ಅರಿಯಬೇಕಾದ ಸಂಗತಿ ಈ ಒಂದು ಘಟನೆಯಲ್ಲೇ ಇದೆ. ಇಂಥ ಪ್ರಯಾಣ ಎಷ್ಟು ಕಷ್ಟ ಎಂಬುದನ್ನು ನಿರ್ಧರಿಸುವುದು ದೂರವಲ್ಲ. ಹೊರಡುವ ದೇಶ ಮತ್ತು ಸೇರುವ ದೇಶಗಳ ನಡುವೆ ಇರುವ ರೋಗಗಳ ಅಂತರ.

ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವಿನ ಕಡಲು ಅತ್ಯಂತ ಕಿರಿದಾದ ಜಾಗದಲ್ಲಿ 34 ಕಿಲೋಮೀಟರ್‌ಗಿಂತ ಹೆಚ್ಚಿಲ್ಲ. ಬ್ರಿಟನ್, ಐರ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವೆ ಒಪ್ಪಂದವೊಂದು ಜಾರಿಯಲ್ಲಿದ್ದಷ್ಟು ಕಾಲ ಕುದುರೆಗಳು ಅಲ್ಪ ತಪಾಸಣೆಯಲ್ಲೇ ಈ ಕಡಲನ್ನು ದಾಟುತ್ತಿದ್ದವು. 2020ರ ಕೊನೆಗೆ ಬ್ರಿಟನ್ ಯುರೋಪಿಯನ್ ಒಕ್ಕೂಟದ ವ್ಯವಸ್ಥೆಯಿಂದ ಪೂರ್ತಿ ಹೊರಬಂದ ಮೇಲೆ ಅದೇ ದಾರಿಗೆ ರಕ್ತಪರೀಕ್ಷೆ, ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಗಡಿ ತಪಾಸಣಾ ಠಾಣೆ ಎಲ್ಲವೂ ಬೇಕಾದವು. ಕಡಲು ಒಂದು ಮಾರು ಕೂಡ ಅಗಲವಾಗಲಿಲ್ಲ, ಆದರೂ ಪ್ರಯಾಣ ಬದಲಾಯಿತು. ಆದ್ದರಿಂದ ವಿಮಾನದ ವೇಳಾಪಟ್ಟಿ ನೋಡುವುದಕ್ಕೂ ಮೊದಲು ಸೇರಬೇಕಾದ ದೇಶದ ಪಶುಸಂಗೋಪನಾ ಇಲಾಖೆ ನಮ್ಮ ದೇಶದ ಕುದುರೆಗಳನ್ನು ಒಪ್ಪುತ್ತದೆಯೇ, ಒಪ್ಪಿದರೆ ಯಾವ ಷರತ್ತಿನ ಮೇಲೆ ಎಂಬುದನ್ನು ತಿಳಿದುಕೊಳ್ಳಬೇಕು. ಪ್ಯಾರಿಸ್‌ನಲ್ಲಿ 1924ರಲ್ಲಿ ಸ್ಥಾಪನೆಯಾದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಯಾವ ರೋಗ ಎಲ್ಲಿದೆ ಎಂಬ ವರದಿಗಳನ್ನು ಒಟ್ಟುಗೂಡಿಸಿ, ವ್ಯಾಪಾರಕ್ಕೆ ಬೇಕಾದ ಆರೋಗ್ಯ ಮಾನದಂಡಗಳನ್ನು ಪ್ರಕಟಿಸುತ್ತದೆ. ಆದರೆ ಬಾಗಿಲು ತೆರೆಯುವುದೂ ಮುಚ್ಚುವುದೂ ಆಯಾ ದೇಶದ ಕೈಯಲ್ಲೇ ಇರುತ್ತದೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಎಂಬ ರೋಗವನ್ನೇ ನೋಡೋಣ. ಇದು ಒಂದು ಕುದುರೆಯಿಂದ ಇನ್ನೊಂದಕ್ಕೆ ನೇರವಾಗಿ ಅಂಟುವುದಿಲ್ಲ. ಕ್ಯುಲಿಕಾಯ್ಡಿಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿಗಳು ರಕ್ತ ಹೀರುವಾಗ ವೈರಸ್ಸನ್ನು ಹೊತ್ತೊಯ್ಯುತ್ತವೆ. ರೋಗನಿರೋಧಕ ಶಕ್ತಿ ಇಲ್ಲದ ಕುದುರೆಗಳಲ್ಲಿ ಅದರ ತೀವ್ರ ರೂಪ ತಗುಲಿದರೆ ಹತ್ತರಲ್ಲಿ ಒಂಬತ್ತು ಸಾಯುವುದೂ ಉಂಟು. ಜೀಬ್ರಾಗಳು ಮಾತ್ರ ಕಾಯಿಲೆಯ ಲಕ್ಷಣವನ್ನೇ ತೋರದೆ ವೈರಸ್ಸನ್ನು ಹೊತ್ತಿರಬಲ್ಲವು. 1987ರಲ್ಲಿ ನಮೀಬಿಯಾದಿಂದ ಸ್ಪೇನಿಗೆ ತಂದ ಜೀಬ್ರಾಗಳ ಜೊತೆಗೆ ಬಂದ ರೋಗ ಆ ದೇಶವನ್ನು 1990ರವರೆಗೂ ಕಾಡಿತು. 2020ರಲ್ಲಿ ಅದು ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡು 500ಕ್ಕೂ ಹೆಚ್ಚು ಕುದುರೆಗಳನ್ನು ಬಲಿ ತೆಗೆದುಕೊಂಡಿತು. ಈ ರೋಗವಿರುವ ದೇಶದಿಂದ ಬರುವ ಕುದುರೆಯನ್ನು ಅಮೆರಿಕ 60 ದಿನಗಳ ಕಾಲ ನುಸಿ ಒಳಬಾರದಂತೆ ಕಟ್ಟಿದ ಲಾಯದಲ್ಲಿಟ್ಟು ನೋಡುವುದು ಈ ಕಾರಣಕ್ಕೆ. ದಕ್ಷಿಣ ಆಫ್ರಿಕಾದ ಕುದುರೆಗಳು ಯುರೋಪ್ ಸೇರಲು ಹಲವು ವರ್ಷಗಳ ಕಾಲ ಮಾರಿಷಸ್ ದ್ವೀಪದಲ್ಲಿ ತಿಂಗಳುಗಟ್ಟಲೆ ತಂಗಬೇಕಾಗಿದ್ದುದೂ ಇದೇ ಕಾರಣಕ್ಕೆ.

ಮಾರಿಷಸ್‌ನ ಈ ಉದಾಹರಣೆಯಿಂದ ಒಂದು ಮುಖ್ಯ ನಿಯಮ ಸ್ಪಷ್ಟವಾಗುತ್ತದೆ. ಕುದುರೆ ಎಲ್ಲಿ ಹುಟ್ಟಿತು, ಅದರ ಮಾಲೀಕರು ಯಾವ ದೇಶದವರು ಎಂಬುದಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿದರೆ ಕಳೆದ 60 ಅಥವಾ 90 ರಾತ್ರಿಗಳನ್ನು ಅದು ಎಲ್ಲಿ ಕಳೆಯಿತು ಎಂಬುದೇ ಅಧಿಕಾರಿಗಳ ಪ್ರಶ್ನೆ. ನೇರ ದಾರಿ ಮುಚ್ಚಿದ್ದಾಗ ಎರಡೂ ಕಡೆಯವರು ಒಪ್ಪುವ ಮೂರನೆಯ ದೇಶದಲ್ಲಿ ಕುದುರೆಯನ್ನು ಕೆಲವು ತಿಂಗಳು ನೆಲೆಗೊಳಿಸಿ, ಅಲ್ಲಿಯ ಕುದುರೆಯಾಗಿ ಮುಂದಕ್ಕೆ ಕಳುಹಿಸುವ ಕ್ರಮ ಹುಟ್ಟಿದ್ದು ಹೀಗೆ. ಇದು ಕಾನೂನನ್ನು ತಪ್ಪಿಸಿಕೊಳ್ಳುವ ಉಪಾಯವಲ್ಲ, ಕಾನೂನೇ ಅನುಮತಿಸಿರುವ ದಾರಿ. ಆದರೆ ಅಷ್ಟು ತಿಂಗಳು ಅಪರಿಚಿತ ಲಾಯದಲ್ಲಿ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳದೆ ಈ ದಾರಿಗೆ ಇಳಿಯಬಾರದು.

ದೇಶಗಳ ನಡುವಿನ ನಿಯಮ ತಿಳಿದ ಮೇಲೆ ನೋಡಬೇಕಾದದ್ದು ಕುದುರೆಯ ರಕ್ತವನ್ನು. ಬಹುಪಾಲು ಮಾಲೀಕರು ಈ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅದು ಎಲ್ಲಕ್ಕಿಂತ ಮೊದಲು, ಸಾಧ್ಯವಾದರೆ ಹೊಸ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲೇ ಆಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಎಂಬ ವೈರಸ್ ರೋಗಕ್ಕೆ ಚಿಕಿತ್ಸೆಯೂ ಇಲ್ಲ, ವ್ಯಾಪಕವಾಗಿ ಬಳಕೆಯಲ್ಲಿರುವ ಲಸಿಕೆಯೂ ಇಲ್ಲ. ದೊಡ್ಡ ಕಚ್ಚುನೊಣಗಳ ಮೂಲಕ ಹರಡುವ ಇದು ಒಮ್ಮೆ ತಗುಲಿದರೆ ಬದುಕಿರುವಷ್ಟು ಕಾಲವೂ ರಕ್ತದಲ್ಲಿ ಉಳಿಯುತ್ತದೆ. ಇದನ್ನು ಪತ್ತೆಮಾಡುವ ವಿಧಾನವನ್ನು 1970ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ಪಶುವೈದ್ಯ ವಿಜ್ಞಾನಿ ಲೆರಾಯ್ ಕಾಗಿನ್ಸ್. ಅವರ ಹೆಸರಿನಿಂದಲೇ ಕಾಗಿನ್ಸ್ ಪರೀಕ್ಷೆ ಎಂದು ಕರೆಸಿಕೊಳ್ಳುವ ಈ ತಪಾಸಣೆಯನ್ನು ಇಂದು ಬಹುತೇಕ ಎಲ್ಲ ಕಡೆ ಕೇಳುತ್ತಾರೆ. ಇದರ ಜೊತೆಗೆ, ಮನುಷ್ಯರಿಗೂ ಅಂಟಬಲ್ಲ ಗ್ಲಾಂಡರ್ಸ್ ಮತ್ತು ಕೂಡಿಕೆಯಿಂದ ಹರಡುವ ಡೌರೀನ್ ರೋಗಗಳಿಗೂ ಹಲವು ದೇಶಗಳಲ್ಲಿ ಪರೀಕ್ಷೆಯಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಮಾಲೀಕರ ಆಸೆಗೆ ಅಡ್ಡಬರುವುದು ಪೈರೋಪ್ಲಾಸ್ಮೋಸಿಸ್. ರಕ್ತ ಹೀರುವ ಉಣ್ಣಿಗಳು ಕಚ್ಚಿದಾಗ ಎರಡು ಬಗೆಯ ಪರೋಪಜೀವಿಗಳು ಕುದುರೆಯ ಕೆಂಪು ರಕ್ತಕಣಗಳನ್ನು ಹೊಕ್ಕು ಈ ರೋಗವನ್ನು ಉಂಟುಮಾಡುತ್ತವೆ. ಬಿಸಿ ಹವೆಯ ದೇಶಗಳಲ್ಲಿ ಅನೇಕ ಕುದುರೆಗಳಿಗೆ ಎಳೆಯ ವಯಸ್ಸಿನಲ್ಲೇ ಈ ಸೋಂಕು ತಗುಲಿ, ಅಲ್ಪ ಜ್ವರದೊಂದಿಗೆ ಮುಗಿದು, ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ. ಮೈ ಮಿರುಗುತ್ತಾ, ಹೊಟ್ಟೆ ತುಂಬ ತಿನ್ನುತ್ತಾ, ದಿನವೂ ಸವಾರಿಗೆ ಬರುವ ಕುದುರೆಯ ರಕ್ತದಲ್ಲಿ ಅದರ ಗುರುತು ಸಿಕ್ಕಿದರೆ ಅಮೆರಿಕ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ನಡೆಯುವ ಪರೀಕ್ಷೆಯಲ್ಲಿ ಸಿಕ್ಕಿದರೆ ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಆದ್ದರಿಂದ ಸೇರುವ ದೇಶದ ಪ್ರಯೋಗಾಲಯ ಯಾವ ವಿಧಾನದಿಂದ ಪರೀಕ್ಷಿಸುತ್ತದೆಯೋ ಅದೇ ವಿಧಾನದಲ್ಲಿ ಊರು ಬಿಡುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಮುಖ್ಯ. ಬೇರೆ ವಿಧಾನದಲ್ಲಿ ಸೋಂಕಿಲ್ಲವೆಂದು ಬಂದ ಫಲಿತಾಂಶವನ್ನು ನಂಬಿ ಹೊರಟವರಿಗೆ ಇಳಿದಲ್ಲಿ ಆಘಾತ ಕಾದಿರಬಹುದು.

ಗಂಡೋ ಹೆಣ್ಣೋ ಎಂಬುದರ ಮೇಲೂ ದಾರಿ ಬದಲಾಗುತ್ತದೆ. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಮೊದಲ ಬಾರಿಗೆ ಗುರುತಿಸಲಾದ ಗರ್ಭಕೋಶದ ಸೋಂಕೊಂದು, ಗಂಡು ಕುದುರೆಗಳಲ್ಲಿ ಯಾವ ಲಕ್ಷಣವೂ ಇಲ್ಲದೆ ಅಡಗಿದ್ದು, ಕೂಡಿಕೆಯ ಮೂಲಕ ಹೆಣ್ಣು ಕುದುರೆಗಳಿಗೆ ಹರಡುತ್ತದೆ. ಈ ಸೋಂಕಿರುವ ದೇಶಗಳಿಂದ ಅಮೆರಿಕಕ್ಕೆ ಬರುವ, ಎರಡು ವರ್ಷ ದಾಟಿದ ಗಂಡು ಮತ್ತು ಹೆಣ್ಣು ಕುದುರೆಗಳು ಮೊದಲ ಕ್ವಾರಂಟೈನ್ ಮುಗಿದ ಮೇಲೂ ಮತ್ತೊಂದು ಕೇಂದ್ರದಲ್ಲಿ ವಾರಗಟ್ಟಲೆ ಉಳಿಯಬೇಕು. ಗಂಡು ಕುದುರೆಯನ್ನಂತೂ ಸೋಂಕಿಲ್ಲದ ಎರಡು ಹೆಣ್ಣು ಕುದುರೆಗಳೊಂದಿಗೆ ಕೂಡಿಸಿ ನೋಡಿದ ನಂತರವೇ ಬಿಡುಗಡೆ ಮಾಡುತ್ತಾರೆ. ಬೀಜ ತೆಗೆಸಿದ ಗಂಡು ಕುದುರೆಗೆ ಇದಾವುದೂ ಇಲ್ಲ. ವೀರ್ಯದ ಮೂಲಕ ಹರಡುವ ಇನ್ನೊಂದು ವೈರಸ್ ರೋಗಕ್ಕೆ ಲಸಿಕೆ ಹಾಕಿಸಿದ ಗಂಡು ಕುದುರೆಗಳ ಮಾಲೀಕರು ಲಸಿಕೆಗೆ ಮುಂಚೆ ಮಾಡಿಸಿದ ರಕ್ತಪರೀಕ್ಷೆಯ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು; ಅದಿಲ್ಲದಿದ್ದರೆ ಲಸಿಕೆಯಿಂದ ಹುಟ್ಟಿದ ಪ್ರತಿಕಾಯವನ್ನು ರೋಗದಿಂದ ಹುಟ್ಟಿದ್ದೆಂದೇ ಶಂಕಿಸಲು ಅವಕಾಶವಿದೆ.

ಹೋಗುವ ದಾರಿಯೇ ಮರಳುವ ದಾರಿ ಎಂದು ತಿಳಿಯುವುದು ಇನ್ನೊಂದು ದೊಡ್ಡ ತಪ್ಪು. ಐಸ್‌ಲ್ಯಾಂಡ್ ತನ್ನ ಕುದುರೆಗಳನ್ನು ಹೊರಗೆ ಕಳುಹಿಸುತ್ತದೆ, ಆದರೆ ಹೊರಗಿನ ಯಾವ ಕುದುರೆಯನ್ನೂ ಒಳಗೆ ಬಿಡುವುದಿಲ್ಲ. ಒಮ್ಮೆ ಹೊರಗೆ ಹೋದ ತನ್ನದೇ ಕುದುರೆಗೂ ಅಲ್ಲಿ ಮರುಪ್ರವೇಶವಿಲ್ಲ. ಹೊರದೇಶದಲ್ಲಿ ಬಳಸಿದ ಜೀನು, ಲಗಾಮುಗಳನ್ನೂ ಅಲ್ಲಿಗೆ ತರುವಂತಿಲ್ಲ. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹೊರಟ ಲಕ್ಷಕ್ಕೂ ಹೆಚ್ಚು ಕುದುರೆಗಳಲ್ಲಿ ಮರಳಿ ಮನೆ ಸೇರಿದ್ದು ಒಂದೇ ಒಂದು. 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಗಾಯಗೊಂಡು ತೀರಿಕೊಂಡ ಆಸ್ಟ್ರೇಲಿಯಾದ ಸೇನಾನಿ ಜನರಲ್ ಬ್ರಿಜಸ್ ಅವರ ಸ್ಯಾಂಡಿ ಎಂಬ ಕುದುರೆ ಅದು; ಅದೂ ಇಂಗ್ಲೆಂಡಿನಲ್ಲಿ ಪಶುವೈದ್ಯರ ನಿಗಾದಲ್ಲಿ ಇದ್ದ ಮೇಲೆಯೇ ಹಡಗು ಹತ್ತಿತು. ಉಳಿದವುಗಳು ಹಿಂದಿರುಗದಿರುವುದಕ್ಕೆ ಸಾಗಣೆಯ ವೆಚ್ಚದಷ್ಟೇ ಕ್ವಾರಂಟೈನ್ ನಿಯಮಗಳೂ ಕಾರಣವಾಗಿದ್ದವು. ಎರಡು ಮೂರು ವರ್ಷಗಳ ಕೆಲಸಕ್ಕೆಂದು ಹೊರಟವರು ಕುದುರೆಯನ್ನು ಕರೆದೊಯ್ಯುವುದೋ, ನಂಬಿಕಸ್ಥರ ಲಾಯದಲ್ಲಿ ಬಿಟ್ಟುಹೋಗುವುದೋ ಎಂದು ಯೋಚಿಸುವಾಗ, ಮರಳುವ ದಾರಿಯ ನಿಯಮಗಳನ್ನು ಅದೇ ದಿನ ಓದಿಕೊಳ್ಳುವುದು ಒಳಿತು.

ಇನ್ನು ಕ್ವಾರಂಟೈನ್. ಕೆಲವು ದೇಶಗಳು ಹೊರಡುವ ಮೊದಲು, ಕೆಲವು ಇಳಿದ ಮೇಲೆ, ಆಸ್ಟ್ರೇಲಿಯಾದಂಥ ದೇಶಗಳು ಎರಡೂ ಕಡೆ ಕುದುರೆಯನ್ನು ಬೇರೆಯಾಗಿ ಇರಿಸಲು ಹೇಳುತ್ತವೆ. ಆಸ್ಟ್ರೇಲಿಯಾದಲ್ಲಿ ಇಳಿದ ಕುದುರೆಗಳು ಮೆಲ್ಬರ್ನ್ ಸಮೀಪದ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕನಿಷ್ಠ 14 ದಿನ ಇರಬೇಕು. ಅಮೆರಿಕದಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಸಾಮಾನ್ಯವಾಗಿ ಮೂರು ದಿನ ಸಾಕು, ಹೊರಟ ದೇಶವನ್ನು ನೋಡಿ ಅದು ಏಳು ದಿನವೋ ಅರವತ್ತು ದಿನವೋ ಆಗಬಹುದು. ಈ ಅವಧಿಯಲ್ಲಿ ಕುದುರೆಯನ್ನು ನೋಡಲೂ ಬಿಡುವುದಿಲ್ಲವಲ್ಲ ಎಂದು ಮಾಲೀಕರು ನೊಂದುಕೊಳ್ಳುವುದು ಸಹಜ. 2007ರಲ್ಲಿ ನಡೆದುದನ್ನು ತಿಳಿದರೆ ಆ ಕಟ್ಟುನಿಟ್ಟಿನ ಹಿಂದಿರುವ ಕಾರಣ ಅರ್ಥವಾಗುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಸಿಡ್ನಿ ಬಳಿಯ ಕ್ವಾರಂಟೈನ್ ಕೇಂದ್ರಕ್ಕೆ ಬಂದ ಕುದುರೆಗಳಲ್ಲಿ ಕುದುರೆ ಫ್ಲೂ ಇತ್ತು. ಅಲ್ಲಿಂದ ವೈರಸ್ ಹೊರಬಿದ್ದದ್ದು ಬಹುಶಃ ಕುದುರೆಗಳ ಜೊತೆ ಕೆಲಸ ಮಾಡಿದವರ ಮೈ, ಬಟ್ಟೆ ಅಥವಾ ಸಲಕರಣೆಗಳ ಮೂಲಕ ಎಂದು ತನಿಖಾ ಆಯೋಗ ಕಂಡುಕೊಂಡಿತು. ಅದುವರೆಗೆ ಆ ರೋಗವನ್ನೇ ಕಾಣದಿದ್ದ ದೇಶದಲ್ಲಿ ಸಾವಿರಾರು ಲಾಯಗಳಿಗೆ ಸೋಂಕು ಹಬ್ಬಿ, ಕುದುರೆಗಳ ಓಡಾಟ ತಿಂಗಳುಗಟ್ಟಲೆ ನಿಂತಿತು. ಬಾಗಿಲ ಬಳಿ ಕೈ ತೊಳೆಯದೆ, ಬಟ್ಟೆ ಬದಲಿಸದೆ ಹೊರಗೆ ಬಂದ ಒಬ್ಬರಿಂದ ಇಷ್ಟೂ ಆಗಬಹುದು.

ಕಾಗದಪತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಕುತ್ತಿಗೆಯೊಳಗೆ ಕೂರಿಸಿದ 15 ಅಂಕಿಗಳ ಮೈಕ್ರೋಚಿಪ್, ಪಾಸ್‌ಪೋರ್ಟ್‌ನಲ್ಲಿ ಬರೆದ ಮೈಬಣ್ಣ, ಸುಳಿ ಮತ್ತು ಮಚ್ಚೆಗಳ ವಿವರ, ರಕ್ತದ ಮಾದರಿಯ ಚೀಟಿ, ಆರೋಗ್ಯ ಪ್ರಮಾಣಪತ್ರ ಇವೆಲ್ಲದರಲ್ಲೂ ಒಂದೇ ಕುದುರೆ ಕಾಣಬೇಕು; ಒಂದು ಅಂಕಿ ತಪ್ಪಿದರೂ ಪ್ರಯಾಣ ನಿಲ್ಲುತ್ತದೆ. ತೆರಿಗೆಯ ಬಗ್ಗೆ ಮಾತ್ರ ಬಹಳ ಜನರಿಗೆ ತಿಳಿಯದ ಒಂದು ಅನುಕೂಲವಿದೆ. ಹೊರಗಿನಿಂದ ಬಂದು ಯುರೋಪಿಯನ್ ಒಕ್ಕೂಟದಲ್ಲಿ ನೆಲೆಸುವವರು ತರುವ ಸ್ವಂತ ವಸ್ತುಗಳಿಗೆ ಸುಂಕ ವಿನಾಯಿತಿ ನೀಡುವ ನಿಯಮದಲ್ಲಿ ಮನೆಯ ಸಾಕುಪ್ರಾಣಿಗಳ ಜೊತೆಗೆ ಸವಾರಿಯ ಪ್ರಾಣಿಗಳೂ ಹೆಸರು ಹೇಳಿ ಸೇರಿವೆ. ಕನಿಷ್ಠ ಆರು ತಿಂಗಳಿಂದ ಕುದುರೆ ತಮ್ಮದಾಗಿರಬೇಕು, ತಾವು ಕನಿಷ್ಠ ಹನ್ನೆರಡು ತಿಂಗಳು ಒಕ್ಕೂಟದ ಹೊರಗೆ ನೆಲೆಸಿರಬೇಕು, ತಂದ ಮೇಲೆ ಒಂದು ವರ್ಷ ಅದನ್ನು ಮಾರಬಾರದು ಎಂಬಂಥ ಷರತ್ತುಗಳಿವೆ. ಇಂಥ ವಿನಾಯಿತಿಯನ್ನು ಕುದುರೆ ಇಳಿಯುವ ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಕುದುರೆ ಸಾಗಣೆಯನ್ನೇ ಕಸುಬಾಗಿ ಮಾಡಿಕೊಂಡ ಏಜೆಂಟರಿಗೆ ಕೆಲಸ ವಹಿಸುವುದರ ಬೆಲೆ ತಿಳಿಯುವುದು ಈ ಘಟ್ಟದಲ್ಲೇ.

ಎಲ್ಲರೂ ಹೆದರುವ ವಿಮಾನಯಾನದ ಬಗ್ಗೆ ಈಗ ಹೇಳಬಹುದು. ಕುದುರೆ ವಿಮಾನದ ಮೆಟ್ಟಿಲು ಹತ್ತುವುದಿಲ್ಲ. ನೆಲದ ಮೇಲೆಯೇ ಅದನ್ನು ಪೆಟ್ಟಿಗೆಯಂಥ ಕಟಕಟೆಯೊಳಗೆ ನಡೆಸಿ, ಆ ಕಟಕಟೆಯನ್ನೇ ಯಂತ್ರದಿಂದ ಎತ್ತಿ ಸರಕು ವಿಮಾನದೊಳಗೆ ಸರಿಸುತ್ತಾರೆ. ಒಂದು ಕಟಕಟೆಯಲ್ಲಿ ಅಡ್ಡಗೋಡೆಗಳನ್ನಿಟ್ಟು ಮೂರು ಕುದುರೆಗಳನ್ನು ನಿಲ್ಲಿಸಬಹುದು; ಗೋಡೆ ಸರಿಸಿದರೆ ಎರಡಕ್ಕೆ ಅಥವಾ ಒಂದಕ್ಕೆ ಜಾಗವಾಗುತ್ತದೆ. ಆಮ್‌ಸ್ಟರ್‌ಡ್ಯಾಮ್, ಲಿಯೇಜ್, ಫ್ರಾಂಕ್‌ಫರ್ಟ್‌ನಂಥ ವಿಮಾನ ನಿಲ್ದಾಣಗಳಲ್ಲಿ ಈ ಕೆಲಸಕ್ಕೆಂದೇ ಲಾಯಗಳಿವೆ. ಕುದುರೆಗಳ ಪರಿಚಾರಕರು ಜೊತೆಯಲ್ಲೇ ಹಾರುತ್ತಾರೆ. ಎಲ್ಲ ಸೇರಿ ಸಾವಿರಾರು ಕಿಲೋ ತೂಗುವ ಪ್ರಾಣಿಗಳ ಮೈಯಿಂದ ಹೊರಡುವ ಶಾಖ ಮತ್ತು ತೇವವನ್ನು ಲೆಕ್ಕಕ್ಕೆ ಹಿಡಿದು ಒಳಗೆ ತಂಪಾಗಿ ಇಡುತ್ತಾರೆ; ಏರುವುದನ್ನೂ ಇಳಿಯುವುದನ್ನೂ ಪೈಲಟ್‌ಗಳು ಸಾಧ್ಯವಾದಷ್ಟು ನಿಧಾನವಾಗಿ ಮಾಡುತ್ತಾರೆ. ಟ್ರಕ್ಕಿನಲ್ಲಿ ಪ್ರತಿ ತಿರುವಿಗೂ ಕಾಲು ಊರಿ ಸಮತೋಲನ ಹುಡುಕಬೇಕಾದ ಕುದುರೆಗೆ ಸ್ಥಿರವಾಗಿ ಹಾರುವ ವಿಮಾನ ಎಷ್ಟೋ ಬಾರಿ ಹೆಚ್ಚು ನೆಮ್ಮದಿಯದು.

ನಿಜವಾದ ಅಪಾಯ ಇರುವುದು ತಲೆ ಎತ್ತಿ ನಿಲ್ಲುವುದರಲ್ಲಿ. ಹುಲ್ಲುಗಾವಲಿನಲ್ಲಿ ಬಿಟ್ಟ ಕುದುರೆ ದಿನದ ಬಹುಭಾಗ ತಲೆ ತಗ್ಗಿಸಿ ಮೇಯುತ್ತದೆ. ಉಸಿರಿನ ಜೊತೆ ಒಳಹೋದ ಧೂಳು ಮತ್ತು ರೋಗಾಣುಗಳು ಲೋಳೆಯಲ್ಲಿ ಸಿಕ್ಕಿ, ತಗ್ಗಿದ ಕುತ್ತಿಗೆಯುದ್ದಕ್ಕೂ ಹರಿದು ಮೂಗಿನಿಂದ ಹೊರಬೀಳುತ್ತವೆ. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದರೆ ಈ ಹರಿವು ನಿಂತು, ಶ್ವಾಸನಾಳದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುತ್ತದೆ. ಅವು ಶ್ವಾಸಕೋಶಕ್ಕೂ ಅದರ ಹೊದಿಕೆಗೂ ಇಳಿದಾಗ ಬರುವ ಜ್ವರವನ್ನು ಸಾಗಣೆ ಜ್ವರವೆಂದು ಕರೆಯುತ್ತಾರೆ. ತಡವಾಗಿ ಗುರುತಿಸಿದರೆ ಅದು ಕುದುರೆಯ ಪ್ರಾಣವನ್ನೇ ತೆಗೆಯಬಹುದು. ಹನ್ನೆರಡು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಹೆಚ್ಚು. ಹೀಗಾಗಿ ಕಟಕಟೆಯ ಅಗಲವನ್ನು ವೈಭೋಗವೆಂದು ನೋಡದೆ ಶ್ವಾಸಕೋಶದ ರಕ್ಷಣೆಯೆಂದು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಖರ್ಚು ಉಳಿಸಬೇಕಾಗಿ ಬಂದರೆ ಬೇರೆಲ್ಲಾದರೂ ಉಳಿಸಿ, ಕುದುರೆಗೆ ತಲೆ ತಗ್ಗಿಸುವಷ್ಟು ಜಾಗ ಕೊಡಬೇಕು. ಹಗ್ಗವನ್ನು ಉದ್ದ ಬಿಡುವುದು, ನಡುವೆ ಇಳಿದಲ್ಲಿ ತಲೆಗೆ ಕಟ್ಟಿದ ಹಗ್ಗ ಬಿಚ್ಚುವುದು, ಧೂಳಾಡದಂತೆ ಒಣಹುಲ್ಲನ್ನು ನೆನೆಸಿ ಕೆಳಗೆ ಕಟ್ಟುವುದು ಇವೆಲ್ಲ ಅದೇ ಉದ್ದೇಶದ ಸಣ್ಣ ಉಪಚಾರಗಳು.

ಹುಲ್ಲು ಇನ್ನೊಂದು ಕಾರಣಕ್ಕೂ ಬೇಕು. ಕುದುರೆಯ ಜಠರ ತಿಂದಾಗ ಮಾತ್ರವಲ್ಲ, ಸದಾಕಾಲ ಆಮ್ಲವನ್ನು ಸ್ರವಿಸುತ್ತದೆ. ಬಾಯಲ್ಲಿ ಮೇವು ಇಲ್ಲದಿದ್ದರೆ ಜೊಲ್ಲು ಕಡಿಮೆಯಾಗಿ, ಆ ಆಮ್ಲ ಜಠರದ ಗೋಡೆಯನ್ನೇ ಸುಡುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಕರುಳಿನ ತೊಂದರೆ ಬೇಗನೆ ಗಂಡಾಂತರವಾಗುತ್ತದೆ. ಧಾನ್ಯವನ್ನು ಕಡಿಮೆ ಮಾಡಿ, ಹುಲ್ಲು ಮತ್ತು ನೀರನ್ನು ಮತ್ತೆ ಮತ್ತೆ ಮುಂದಿಡುವುದೇ ಸರಿಯಾದ ಕ್ರಮ. ಹೊಸ ನೀರಿನ ವಾಸನೆಗೆ ಮುಖ ತಿರುಗಿಸುವ ಕುದುರೆಗಳಿಗೆ ಹೊರಡುವ ಕೆಲವು ವಾರ ಮೊದಲೇ ನೀರಿಗೆ ಸ್ವಲ್ಪ ಸೇಬಿನ ರಸ ಬೆರೆಸಿ ಕುಡಿಸಿ ರೂಢಿಮಾಡಿದರೆ ಪ್ರಯಾಣದಲ್ಲೂ ಅದೇ ರುಚಿ ಕೊಡಬಹುದು. ಹೆದರಿಕೆ ಕಳೆಯಲೆಂದು ಮಂಪರು ಬರಿಸುವ ಔಷಧಿ ಕೊಡುವುದನ್ನು ಅನುಭವಿ ಪಶುವೈದ್ಯರು ತುರ್ತಿನ ಸಂದರ್ಭಕ್ಕಷ್ಟೇ ಮೀಸಲಿಡುತ್ತಾರೆ. ಅದು ಕಾಲುಗಳ ಹಿಡಿತವನ್ನೂ ಕರುಳಿನ ಚಲನೆಯನ್ನೂ ಕುಗ್ಗಿಸುತ್ತದೆ. ಔಷಧಿಗಿಂತ ಅಭ್ಯಾಸ ಮೇಲು. ಇಕ್ಕಟ್ಟಾದ ಜಾಗಕ್ಕೆ ತಾನಾಗಿ ನಡೆದು ಹೋಗಿ, ಪಕ್ಕದಲ್ಲಿ ಅಪರಿಚಿತ ಕುದುರೆಯಿದ್ದರೂ ಸುಮ್ಮನೆ ನಿಂತು ಹುಲ್ಲು ತಿನ್ನುವುದನ್ನು ತಿಂಗಳುಗಳ ಮೊದಲೇ ಕಲಿಸಬೇಕು. ಗರ್ಭದ ಕೊನೆಯ ತಿಂಗಳುಗಳಲ್ಲಿರುವ, ದೀರ್ಘಕಾಲದ ಉಬ್ಬಸವಿರುವ, ಪದೇ ಪದೇ ಹೊಟ್ಟೆನೋವಿಗೆ ಬೀಳುವ ಕುದುರೆಗಳ ವಿಷಯದಲ್ಲಿ ಹೊರಡದಿರುವ ತೀರ್ಮಾನವನ್ನೂ ಪ್ರೀತಿಯಿಂದಲೇ ತೆಗೆದುಕೊಳ್ಳಬೇಕಾಗುತ್ತದೆ.

ಇಳಿದ ಕುದುರೆ ಬಳಲಿರುತ್ತದೆ. ಕಾಲಿನ ಕೀಲುಗಳನ್ನು ಬಿಗಿದು ನಿಂತೇ ತೂಕಡಿಸುವ ಶಕ್ತಿ ಅದಕ್ಕಿದ್ದರೂ ಗಾಢ ನಿದ್ರೆಗೆ ಅದು ಮಲಗಲೇಬೇಕು; ಆದ್ದರಿಂದ ಮೊದಲ ರಾತ್ರಿಗಳಲ್ಲಿ ದಪ್ಪನೆಯ ಮೆತ್ತನೆ ಹಾಸು ಮತ್ತು ನಿಶ್ಶಬ್ದ ಬೇಕು. ದಿನಕ್ಕೆರಡು ಬಾರಿ, ಕನಿಷ್ಠ ಐದು ದಿನಗಳವರೆಗೆ ಮೈಯ ಉಷ್ಣತೆಯನ್ನು ಅಳೆದು ಬರೆದಿಡಬೇಕು. ಸಹಜವಾಗಿ ಅದು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗಿರುತ್ತದೆ. ಅದನ್ನು ಮೀರಿದರೆ ಕೆಮ್ಮು ಬರಲಿ ಎಂದು ಕಾಯದೆ ಪಶುವೈದ್ಯರನ್ನು ಕರೆಸಬೇಕು. ದೂರದ ಪ್ರಯಾಣದಲ್ಲಿ 500 ಕಿಲೋ ತೂಗುವ ಕುದುರೆ ಹತ್ತಿಪ್ಪತ್ತು ಕಿಲೋ ಇಳಿಯುವುದುಂಟು, ಅದರಲ್ಲಿ ಹೆಚ್ಚಿನದು ನೀರು. ತಂದ ಹುಲ್ಲನ್ನು ಗಡಿಯಲ್ಲೇ ನಾಶಪಡಿಸುವುದರಿಂದ ಹೊಸ ಮೇವು ಅನಿವಾರ್ಯ. ಕರುಳಿನ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಲು ಎರಡು ವಾರವಾದರೂ ಬೇಕು. ಬೇರೆ ಹವೆಯ ಸೊಂಪಾದ ಹಸಿಹುಲ್ಲಿನಲ್ಲಿ ಸಕ್ಕರೆಯಂಶ ಹೆಚ್ಚಿದ್ದು ಗೊರಸಿನ ಒಳಗೆ ಉರಿಯೂತ ತರಬಲ್ಲದು, ಹಾಗಾಗಿ ಅದಕ್ಕೆ ಬಿಡುವ ಹೊತ್ತನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿಯೇ ಹೆಚ್ಚಿಸಬೇಕು.

ಭೂಮಧ್ಯರೇಖೆಯನ್ನು ದಾಟಿದ ಕುದುರೆಗೆ ಋತುವೇ ತಿರುವುಮುರುವಾಗುತ್ತದೆ. ಕುದುರೆಯ ಮೈಗೂದಲು ಬೆಳೆಯುವುದೂ ಉದುರುವುದೂ ಮುಖ್ಯವಾಗಿ ಚಳಿಯನ್ನು ನೋಡಿಯಲ್ಲ, ಹಗಲಿನ ಉದ್ದವನ್ನು ನೋಡಿ. ಹೆಣ್ಣು ಕುದುರೆ ಬೆದೆಗೆ ಬರುವ ಕಾಲವೂ ಅದರಿಂದಲೇ ನಿರ್ಧಾರವಾಗುತ್ತದೆ. ಉತ್ತರದ ಬೇಸಿಗೆಯಿಂದ ದಕ್ಷಿಣದ ಚಳಿಗಾಲಕ್ಕೆ ಬಂದಿಳಿದ ಕುದುರೆಯ ಮೈಮೇಲೆ ಬೇಸಿಗೆಯ ಮಿರುಗುವ ತೆಳು ಕೂದಲೇ ಇರುತ್ತದೆ, ಅದಕ್ಕೆ ಹೊದಿಕೆ ಬೇಕು. ಎದುರು ದಿಕ್ಕಿನಿಂದ ಬಂದದ್ದು ದಟ್ಟವಾದ ಚಳಿಗಾಲದ ಕೂದಲು ಹೊತ್ತು ಬಿಸಿಲಿನಲ್ಲಿ ಬೆವರುತ್ತದೆ, ಅದರ ಕೂದಲನ್ನು ಕತ್ತರಿಸಬೇಕಾಗುತ್ತದೆ. ಆ ದೇಹ ಹೊಸ ಹಗಲಿನ ಲೆಕ್ಕವನ್ನು ಕಲಿತು, ಅಲ್ಲಿಯ ಋತುವಿಗೆ ತಕ್ಕ ಕೂದಲನ್ನು ತಾನೇ ಹೊದೆಯಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ಕಾಲ ಅದರ ಬೆನ್ನಿನ ಮೇಲೆ ಅಂಗೈ ಇಟ್ಟು, ಚಳಿಯೋ ಸೆಕೆಯೋ ಎಂದು ದಿನವೂ ಬೆಳಿಗ್ಗೆ ನೋಡುವ ಕೆಲಸ ಮಾಲೀಕರದು.